ಗಾಂಜಾವನ್ನು ಅಳೆದು ನೋಡಿದ ಡಾಕ್ಟರ್: ಫಾರ್ವರ್ಡ್‌ ಹೇಳದ ಅರ್ಧ ಕಥೆ

ಬ್ರಿಟಿಷರ ಕಾಲದ ಡಾಕ್ಟರೇ ಗಾಂಜಾವನ್ನು ಔಷಧ ಎಂದು ಒಪ್ಪಿದ್ದರು, ಹಾಗಾಗಿ ಮನೆಯ ಕುಂಡದಲ್ಲಿ ‘ಆಟೋ’ ಗಿಡ ಬೆಳೆಸಿದರೆ ತಪ್ಪಿಲ್ಲ ಎಂಬ ಫಾರ್ವರ್ಡ್‌ ಒಂದನ್ನು ಅಂಕಲಗಿಯ ಓದುಗರೊಬ್ಬರು ನಮಗೆ ಕಳಿಸಿದ್ದಾರೆ. ಡಾಕ್ಟರ್ ವಿಷಯ ನಿಜ. ಉಳಿದದ್ದು ಅಲ್ಲ.

ಅವರ ಹೆಸರು ವಿಲಿಯಂ ಬ್ರೂಕ್ ಓಶಾನೆಸಿ, ಐರ್ಲೆಂಡಿನವರು. ಕಾಲರಾ ರೋಗಿಗಳ ರಕ್ತದಲ್ಲಿ ನೀರು, ಉಪ್ಪು ಕಡಿಮೆಯಾಗಿರುವುದನ್ನು 1831ರಲ್ಲಿ ತೋರಿಸಿದರು. ಇಂದಿನ ಸಲಾಯಿನ್‌ಗೆ ದಾರಿಯಾದದ್ದು ಅದೇ. 1833ರಲ್ಲಿ ಕಲ್ಕತ್ತಾಕ್ಕೆ ಬಂದವರು, ಇಲ್ಲಿನ ಜನ ಗಾಂಜಾ ಬಳಸುವುದನ್ನು ಕಂಡು ಮೊದಲು ಪ್ರಾಣಿಗಳ ಮೇಲೆ, ಆಮೇಲೆ ರೋಗಿಗಳ ಮೇಲೆ ಅಳತೆ ಇಟ್ಟು ಪ್ರಯೋಗಿಸಿ, 1839ರಲ್ಲಿ ವರದಿ ಕೊಟ್ಟರು. ಧನುರ್ವಾಯುವಿನ ಸೆಳೆತ ತಗ್ಗಿತ್ತು. ಹುಚ್ಚುನಾಯಿ ರೋಗ ತಗುಲಿದವನ ನರಳಾಟ ಕಡಿಮೆಯಾಯಿತು, ಪ್ರಾಣ ಮಾತ್ರ ಉಳಿಯಲಿಲ್ಲ. ಅತಿಯಾದರೆ ಭ್ರಮೆ ಹಿಡಿಯುತ್ತದೆ ಎಂದು ಬರೆದವರೂ ಅವರೇ. ಫಾರ್ವರ್ಡ್‌ನಲ್ಲಿ ಈ ಭಾಗ ನಾಪತ್ತೆ! ಮುಂದೆ ಭಾರತದಲ್ಲಿ ಟೆಲಿಗ್ರಾಫ್ ತಂತಿ ಎಳೆಸಿದ ಇವರು ತೀರಿಕೊಂಡದ್ದು 1889ರಲ್ಲಿ.

ಇನ್ನು ‘ಆಟೋ’ ಗಿಡ. ಹಗಲು ಎಷ್ಟೇ ಉದ್ದವಿರಲಿ, ವಯಸ್ಸು ತುಂಬಿದ ಕೂಡಲೇ ಹೂ ಬಿಡುವ ಗಾಂಜಾ ತಳಿ ಅದು, ಅಷ್ಟೇ. 1985ರ ಎನ್‌ಡಿಪಿಎಸ್ ಕಾಯ್ದೆ ಪ್ರಕಾರ ಅದೂ ಗಾಂಜಾ ಗಿಡವೇ: ಒಂದೇ ಕುಂಡದಲ್ಲಿ ಬೆಳೆದರೂ 10 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ ಬೀಳಬಹುದು.