ಹರ್ಮನ್ ಫೊಟ್ಟಿಂಗರ್

ಹರ್ಮನ್ ಫೊಟ್ಟಿಂಗರ್ (ಫೆಬ್ರವರಿ 9, 1877 – ಏಪ್ರಿಲ್ 28, 1945) ಜರ್ಮನಿಯ ಎಂಜಿನಿಯರ್, ಸಂಶೋಧಕ ಮತ್ತು ದ್ರವಚಲನ ವಿಜ್ಞಾನದ ಪ್ರಾಧ್ಯಾಪಕ. ಒಂದನ್ನೊಂದು ಮುಟ್ಟದ ಎರಡು ಚಕ್ರಗಳ ನಡುವೆ ಕೇವಲ ದ್ರವದ ಹರಿವಿನಿಂದ ಶಕ್ತಿಯನ್ನು ಸಾಗಿಸುವ ಯಂತ್ರಗಳನ್ನು ಇವರು ರೂಪಿಸಿದರು. ಟಾರ್ಕ್ ಕನ್ವರ್ಟರ್ ಮತ್ತು ದ್ರವ ಕಪ್ಲಿಂಗ್ ಎಂಬ ಈ ಎರಡು ಯಂತ್ರಗಳಿಗೆ 1905ರಲ್ಲಿ ಪೇಟೆಂಟ್ ಅರ್ಜಿ ಸಲ್ಲಿಸಿದರು. ಇಂದು ಸ್ವಯಂಚಾಲಿತ ಗೇರಿನ ಬಹುಪಾಲು ಕಾರು, ಬಸ್ಸುಗಳಲ್ಲಿ ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಕುಳಿತಿರುವ ಭಾಗ ಇವರ ಟಾರ್ಕ್ ಕನ್ವರ್ಟರಿನ ವಂಶದ್ದೇ. ಆದರೆ ಫೊಟ್ಟಿಂಗರ್ ಅದನ್ನು ರೂಪಿಸಿದ್ದು ಕಾರಿಗಾಗಿ ಅಲ್ಲ, ಹಡಗಿಗಾಗಿ. ಯಾವ ಕೆಲಸಕ್ಕೆಂದು ಅದು ಹುಟ್ಟಿತೋ ಆ ಕೆಲಸದಿಂದ ಅದು ಇವರ ಕಣ್ಣೆದುರೇ ಹಿಂದೆ ಸರಿಯಿತು.

ಆರಂಭಿಕ ಜೀವನ

ಫೊಟ್ಟಿಂಗರ್ ಜನಿಸಿದ್ದು ಬವೇರಿಯಾದ ನ್ಯೂರೆಂಬರ್ಗ್ ನಗರದಲ್ಲಿ. 1895ರಿಂದ 1899ರವರೆಗೆ ಮ್ಯೂನಿಕ್ ತಾಂತ್ರಿಕ ವಿದ್ಯಾಲಯದಲ್ಲಿ ವಿದ್ಯುತ್ ಎಂಜಿನಿಯರಿಂಗ್ ಅಭ್ಯಾಸ ಮಾಡಿದರು. ಹಡಗುಗಳ ಯಂತ್ರಶಾಸ್ತ್ರ ಇವರ ವ್ಯಾಸಂಗದ ವಿಷಯವಾಗಿರಲಿಲ್ಲ ಎಂಬುದನ್ನು ಗಮನಿಸಬೇಕು. ಮುಂದೆ ಇವರ ಮುಖ್ಯ ಸಂಶೋಧನೆಗೆ ದಾರಿ ತೆರೆದದ್ದು ವಿದ್ಯುತ್ ಯಂತ್ರಗಳ ಬಗೆಗಿನ ಆಲೋಚನೆಯೇ.

ವುಲ್ಕನ್ ಹಡಗುಕಟ್ಟೆಯಲ್ಲಿ

1899ರಲ್ಲಿ ಇವರು ಸ್ಟೆಟಿನ್ ಬಂದರಿನ (ಇಂದಿನ ಪೋಲೆಂಡಿನ ಷ್ಚೆಚಿನ್) ವುಲ್ಕನ್ ಹಡಗು ನಿರ್ಮಾಣ ಸಂಸ್ಥೆಯನ್ನು ಸೇರಿದರು. ಹಡಗಿನ ಎಂಜಿನ್ ನಿಜವಾಗಿ ಎಷ್ಟು ಶಕ್ತಿಯನ್ನು ಪ್ರೊಪೆಲ್ಲರಿಗೆ ತಲುಪಿಸುತ್ತಿದೆ ಎಂದು ಖಚಿತವಾಗಿ ಅಳೆಯುವ ಉಪಾಯ ಆಗ ಸುಲಭವಾಗಿರಲಿಲ್ಲ. ಎಂಜಿನ್ನಿನಿಂದ ಪ್ರೊಪೆಲ್ಲರಿನವರೆಗೆ ಚಾಚಿರುವ ಉದ್ದನೆಯ ಉಕ್ಕಿನ ದಂಡ ಹೊರೆ ಬಿದ್ದಾಗ ಕಣ್ಣಿಗೆ ಕಾಣದಷ್ಟು ತಿರುಚಿಕೊಳ್ಳುತ್ತದೆ. ಎಂಜಿನ್ ಹಾಕಿದ ತಿರುಗುಬಲಕ್ಕೆ ಅನುಗುಣವಾಗಿ ಈ ತಿರುಚು ಹೆಚ್ಚುತ್ತದೆ. ಫೊಟ್ಟಿಂಗರ್ ಈ ತಿರುಚನ್ನು ಹಿಗ್ಗಿಸಿ ದಾಖಲಿಸುವ ಉಪಕರಣವೊಂದನ್ನು ರಚಿಸಿದರು. ದಂಡ ಒಂದು ಸುತ್ತು ಸುತ್ತುವಷ್ಟರಲ್ಲಿ ತಿರುಗುಬಲ ಹೇಗೆ ಏರಿಳಿಯುತ್ತದೆ, ಕಂಪನ ಎಲ್ಲಿ ಹುಟ್ಟುತ್ತದೆ ಎಂಬುದೆಲ್ಲ ಅದರಿಂದ ತಿಳಿಯುವಂತಾಯಿತು. ಇದೇ ವಿಷಯದ ಪ್ರಬಂಧಕ್ಕೆ 1904ರಲ್ಲಿ ಮ್ಯೂನಿಕ್ ವಿದ್ಯಾಲಯದಿಂದ ಡಾಕ್ಟರೇಟ್ ದೊರೆಯಿತು. ಓಡುತ್ತಿರುವ ಯಂತ್ರವನ್ನು ಬಿಚ್ಚದೆಯೇ ಅದರೊಳಗಿನ ಸ್ಥಿತಿಯನ್ನು ಅರಿಯುವ ಈ ಆಸಕ್ತಿ ಮುಂದಿನ ಕೆಲಸಗಳಲ್ಲಿಯೂ ಕಾಣುತ್ತದೆ.

ದ್ರವದ ಮೂಲಕ ಶಕ್ತಿ

ಹೊಸದಾಗಿ ಬಂದಿದ್ದ ಉಗಿ ಟರ್ಬೈನುಗಳು ಹಡಗು ಕಟ್ಟುವವರಿಗೆ ಒಂದು ತೊಡಕನ್ನು ತಂದೊಡ್ಡಿದ್ದವು. ಟರ್ಬೈನ್ ಬಹಳ ವೇಗವಾಗಿ ಸುತ್ತಿದಾಗ ಮಾತ್ರ ಮಿತವ್ಯಯಿ. ಪ್ರೊಪೆಲ್ಲರ್ ನಿಧಾನವಾಗಿ ಸುತ್ತಿದಾಗ ಮಾತ್ರ ಸಮರ್ಥ. ಎರಡನ್ನೂ ನೇರವಾಗಿ ಜೋಡಿಸಿದರೆ ಎರಡಕ್ಕೂ ನಷ್ಟ. ಸಾವಿರಾರು ಅಶ್ವಶಕ್ತಿಯನ್ನು ತಾಳಿಕೊಳ್ಳುವ ದೊಡ್ಡ ಹಲ್ಲುಚಕ್ರಗಳನ್ನು ನಿಖರವಾಗಿ ಕೊರೆಯುವ ವಿದ್ಯೆ ಆಗ ಇನ್ನೂ ಪಕ್ವವಾಗಿರಲಿಲ್ಲ. ಇದರ ಜೊತೆಗೆ ಟರ್ಬೈನನ್ನು ಹಿಮ್ಮುಖವಾಗಿ ತಿರುಗಿಸಲೂ ಆಗದು. ಹಡಗನ್ನು ಹಿಂದಕ್ಕೆ ನಡೆಸಲು ಬೇರೊಂದು ಟರ್ಬೈನ್ ಬೇಕಾಗುತ್ತಿತ್ತು.

ಟರ್ಬೈನಿನಿಂದ ಡೈನಮೊ ನಡೆಸಿ, ಆ ವಿದ್ಯುತ್ತಿನಿಂದ ಮೋಟಾರ್ ತಿರುಗಿಸಿ ಪ್ರೊಪೆಲ್ಲರನ್ನು ಓಡಿಸುವುದು ಒಂದು ಪರಿಹಾರ. ಆದರೆ ಆ ಯಂತ್ರಗಳು ಬಲು ಭಾರ, ಬಲು ದುಬಾರಿ. ಡೈನಮೊದ ಜಾಗದಲ್ಲಿ ನೀರಿನ ಪಂಪನ್ನೂ ಮೋಟಾರಿನ ಜಾಗದಲ್ಲಿ ನೀರಿನ ಟರ್ಬೈನನ್ನೂ ಇಟ್ಟರೆ ಹೇಗೆ ಎಂಬುದು ಫೊಟ್ಟಿಂಗರ್ ಅವರ ಆಲೋಚನೆ. ಪಂಪಿನಿಂದ ಕೊಳವೆ, ಕೊಳವೆಯಿಂದ ಟರ್ಬೈನ್, ಮತ್ತೆ ಕೊಳವೆಯಲ್ಲಿ ಹಿಂದಕ್ಕೆ ಎಂದು ನೀರನ್ನು ಸುತ್ತಿಸಿದರೆ ಶಕ್ತಿಯ ದೊಡ್ಡ ಪಾಲು ದಾರಿಯಲ್ಲೇ ಸೋರಿಹೋಗುತ್ತದೆ. ಇವರ ನಿಜವಾದ ಸಂಶೋಧನೆ ಇರುವುದು ಇಲ್ಲಿಯೇ: ಕೊಳವೆಗಳನ್ನೂ ಹೊರ ಕವಚಗಳನ್ನೂ ಪೂರ್ತಿ ತೆಗೆದುಹಾಕಿ, ಪಂಪಿನ ಚಕ್ರವನ್ನೂ ಟರ್ಬೈನಿನ ಚಕ್ರವನ್ನೂ ಒಂದೇ ಗೂಡಿನೊಳಗೆ ಎದುರುಬದುರು ಕೂರಿಸಿದರು. ಪಂಪಿನ ಚಕ್ರ ಎಸೆದ ನೀರು ನೇರವಾಗಿ ಟರ್ಬೈನಿನ ಅಲಗುಗಳಿಗೆ ಬಡಿದು, ಅಲ್ಲಿಂದ ಮರಳಿ ಪಂಪಿಗೇ ಬರುತ್ತದೆ. ಇದರಿಂದ ದಕ್ಷತೆ ಶೇಕಡಾ 80ನ್ನು ಮೀರಿತು.

ಎದುರುಬದುರಾಗಿಟ್ಟ ಎರಡು ಟೇಬಲ್ ಫ್ಯಾನುಗಳಲ್ಲಿ ಒಂದನ್ನು ಹಚ್ಚಿದರೆ ಅದರ ಗಾಳಿಗೆ ಇನ್ನೊಂದೂ ತಿರುಗತೊಡಗುವ ಉದಾಹರಣೆಯಿಂದ ದ್ರವ ಕಪ್ಲಿಂಗನ್ನು ಸಾಮಾನ್ಯವಾಗಿ ವಿವರಿಸುತ್ತಾರೆ. ಕಪ್ಲಿಂಗಿನ ಮಟ್ಟಿಗೆ ಈ ಹೋಲಿಕೆ ಸರಿ. ಅಲ್ಲಿ ಒಳಬಂದಷ್ಟೇ ತಿರುಗುಬಲ ಹೊರಬರುತ್ತದೆ. ಟಾರ್ಕ್ ಕನ್ವರ್ಟರಿನಲ್ಲಿ ಮೂರನೆಯ ಚಕ್ರವೊಂದಿದೆ. ಕದಲದೆ ನಿಂತಿರುವ ಈ ಮಾರ್ಗದರ್ಶಿ ಚಕ್ರ (ಸ್ಟೇಟರ್) ಟರ್ಬೈನಿನಿಂದ ಮರಳುವ ದ್ರವದ ದಿಕ್ಕನ್ನು ತಿರುಗಿಸಿ ಪಂಪಿಗೆ ಅನುಕೂಲವಾಗುವಂತೆ ಕಳುಹಿಸುತ್ತದೆ. ಅದು ಗೂಡಿಗೆ ಆತುಕೊಂಡು ದ್ರವವನ್ನು ತಳ್ಳುವುದರಿಂದಲೇ ಒಳಬಂದುದಕ್ಕಿಂತ ಹೆಚ್ಚಿನ ತಿರುಗುಬಲ ಹೊರಬರಲು ಸಾಧ್ಯ. ಫ್ಯಾನಿನ ಹೋಲಿಕೆ ಇದನ್ನು ಹೇಳುವುದಿಲ್ಲ.

ಕಡಲಿನಲ್ಲಿ

ಪ್ರಯೋಗಕ್ಕೆಂದೇ ಕಟ್ಟಿದ ಚಿಕ್ಕ ಹಡಗೊಂದರಲ್ಲಿ ಯಂತ್ರವನ್ನು ಪರೀಕ್ಷಿಸಿದ ಬಳಿಕ ವುಲ್ಕನ್ ಸಂಸ್ಥೆ ಅದನ್ನು ಪ್ರಯಾಣಿಕರ ಹಡಗುಗಳಿಗೆ ಅಳವಡಿಸಿತು. 1913ರ ಕ್ಯೋನಿಗಿನ್ ಲೂಯಿಸೆ ಅವುಗಳಲ್ಲಿ ಮೊದಲನೆಯದು. ಮುನ್ನಡೆಗೆ ಒಂದು, ಹಿನ್ನಡೆಗೆ ಒಂದು ಎಂದು ಎರಡು ದ್ರವಚಕ್ರಗಳಿದ್ದು, ಒಂದನ್ನು ಬರಿದುಮಾಡಿ ಇನ್ನೊಂದನ್ನು ತುಂಬಿದರೆ ಹಡಗಿನ ದಿಕ್ಕು ಬದಲಾಗುತ್ತಿತ್ತು. ಮೊದಲನೆಯ ಮಹಾಯುದ್ಧದ ಆರಂಭದಲ್ಲಿ ಈ ಹಡಗನ್ನು ಸಮುದ್ರದಲ್ಲಿ ಸ್ಫೋಟಕಗಳನ್ನು ಹುದುಗಿಸಲು ಬಳಸಲಾಯಿತು. 1914ರ ಆಗಸ್ಟ್ 5ರಂದು ಬ್ರಿಟಿಷ್ ನೌಕಾಪಡೆ ಅದನ್ನು ಮುಳುಗಿಸಿತು.

1913ರ ಡಿಸೆಂಬರಿನಲ್ಲಿ ನೀರಿಗಿಳಿದ ಟಿರ್ಪಿಟ್ಸ್ ಇನ್ನೂ ದೊಡ್ಡದು, 21,000 ಟನ್ನುಗಳಿಗೂ ಮೀರಿದ ಹಡಗು. ಯುದ್ಧಾನಂತರ ಅದು ಬ್ರಿಟಿಷರ ಪಾಲಾಗಿ, ಎಂಪ್ರೆಸ್ ಆಫ್ ಆಸ್ಟ್ರೇಲಿಯಾ ಎಂಬ ಹೆಸರಿನಲ್ಲಿ ಕೆನಡಾದ ಸಂಸ್ಥೆಯೊಂದರ ಪರವಾಗಿ ಪೆಸಿಫಿಕ್ ಸಾಗರದಲ್ಲಿ ಸಂಚರಿಸಿತು. 1923ರ ಮಹಾಭೂಕಂಪದ ದಿನ ಅದು ಯೋಕೊಹಾಮಾ ಬಂದರಿನಲ್ಲಿದ್ದು, ಅಲ್ಲಿನ ಸಂತ್ರಸ್ತರ ರಕ್ಷಣೆಯಲ್ಲಿ ತೊಡಗಿತು. ಆದರೆ ಅದರ ಯಂತ್ರಗಳು ಮಾಲೀಕರಿಗೆ ತೃಪ್ತಿ ನೀಡಲಿಲ್ಲ. 1926–27ರಲ್ಲಿ ಫೊಟ್ಟಿಂಗರ್ ಯಂತ್ರಗಳನ್ನು ಕಿತ್ತು ಹಲ್ಲುಚಕ್ರದ ಟರ್ಬೈನುಗಳನ್ನು ಕೂರಿಸಲಾಯಿತು. ಹಡಗಿನ ವೇಗ ಹೆಚ್ಚಿತು, ಇಂಧನದ ಖರ್ಚು ಇಳಿಯಿತು.

ಇದಕ್ಕೆ ಕಾರಣ ವಿನ್ಯಾಸದ ದೋಷವಲ್ಲ. ಇಂಗ್ಲೆಂಡಿನ ಚಾರ್ಲ್ಸ್ ಪಾರ್ಸನ್ಸ್ 1909ರಿಂದಲೇ ವೆಸ್ಪೇಷಿಯನ್ ಎಂಬ ಹಳೆಯ ಸರಕು ಹಡಗಿನಲ್ಲಿ ಹಲ್ಲುಚಕ್ರಗಳ ಪ್ರಯೋಗಕ್ಕೆ ಕೈಹಾಕಿದ್ದರು. ಒಳ್ಳೆಯ ಹಲ್ಲುಚಕ್ರದಲ್ಲಿ ನಷ್ಟವಾಗುವುದು ಶೇಕಡಾ ಒಂದೆರಡು ಮಾತ್ರ. ತಿಂಗಳುಗಟ್ಟಲೆ ಒಂದೇ ವೇಗದಲ್ಲಿ ಸಾಗುವ ಹಡಗಿಗೆ ಈ ವ್ಯತ್ಯಾಸ ಬಹಳ ದೊಡ್ಡದು. ದ್ರವ ಕಪ್ಲಿಂಗ್ ಮಾತ್ರ ಡೀಸೆಲ್ ಹಡಗುಗಳಲ್ಲಿ ಉಳಿದುಕೊಂಡಿತು. ಎಂಜಿನ್ನಿನ ತಿರುಚು ಕಂಪನಗಳು ಹಲ್ಲುಚಕ್ರಗಳನ್ನು ತಲುಪದಂತೆ ತಡೆಯುವ ಕೆಲಸ ಅದಕ್ಕೆ ಒದಗಿತು.

ಅಧ್ಯಾಪನ ಮತ್ತು ಕ್ಯಾವಿಟೇಶನ್ ಸಂಶೋಧನೆ

1909ರಲ್ಲಿ ಫೊಟ್ಟಿಂಗರ್ ಡಾನ್ಸಿಗ್ ತಾಂತ್ರಿಕ ವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು. 1924ರಲ್ಲಿ ಬರ್ಲಿನ್ ತಾಂತ್ರಿಕ ವಿದ್ಯಾಲಯಕ್ಕೆ ಬಂದು, ಕೊನೆಯವರೆಗೂ ಅಲ್ಲಿಯೇ ಇದ್ದರು. ಸುಳಿಗಳು, ಪ್ರೊಪೆಲ್ಲರ್, ಹರಿವಿನ ನಷ್ಟಗಳು ಇವರ ಸಂಶೋಧನೆಯ ಕ್ಷೇತ್ರಗಳಾಗಿದ್ದವು. ನೂರಕ್ಕೂ ಹೆಚ್ಚು ಪೇಟೆಂಟುಗಳು ಇವರ ಹೆಸರಿನಲ್ಲಿವೆ.

1926ರಲ್ಲಿ ಇವರು ಪ್ರಕಟಿಸಿದ ಕ್ಯಾವಿಟೇಶನ್ ಕುರಿತ ಅಧ್ಯಯನ ಇಂದಿಗೂ ಉಲ್ಲೇಖಾರ್ಹ. ವೇಗವಾಗಿ ಹರಿಯುವ ದ್ರವದಲ್ಲಿ ಒತ್ತಡ ತೀರ ಕುಸಿದ ಕಡೆ ಆವಿಯ ಗುಳ್ಳೆಗಳು ಹುಟ್ಟುತ್ತವೆ. ಒತ್ತಡ ಹೆಚ್ಚಿರುವ ಜಾಗಕ್ಕೆ ಬಂದೊಡನೆ ಅವು ಥಟ್ಟನೆ ಕುಸಿದು, ಎದುರಿನ ಲೋಹವನ್ನು ಸುತ್ತಿಗೆಯಂತೆ ಬಡಿದು ಕೊರೆಯುತ್ತವೆ. ಈ ಕೊರೆತ ರಾಸಾಯನಿಕ ಸವೆತವೋ ಬರಿಯ ಹೊಡೆತದ ಪರಿಣಾಮವೋ ಎಂಬ ವಾದವಿತ್ತು. ತುಕ್ಕು ಹಿಡಿಯದ ಗಾಜು ಕೂಡ ಹೀಗೆ ಹಾಳಾಗುವುದನ್ನು ತೋರಿಸಿ, ಫೊಟ್ಟಿಂಗರ್ ಇದು ಮುಖ್ಯವಾಗಿ ಹೊಡೆತವೇ ಎಂಬ ಪಕ್ಷಕ್ಕೆ ಬಲ ನೀಡಿದರು. ನೀರಿನ ಮಟ್ಟ ಇಳಿದಾಗ ಹೊಲದ ಪಂಪ್‌ಸೆಟ್ಟಿನೊಳಗೆ ಬೆಣಚುಕಲ್ಲು ಉರುಳಿದಂತೆ ಕೇಳುವ ಸದ್ದು ಅನೇಕ ವೇಳೆ ಇದರಿಂದಲೇ ಬರುತ್ತದೆ.

ನೆಲದ ಮೇಲೆ

ಕಡಲು ಕೈಬಿಟ್ಟ ಯಂತ್ರವನ್ನು ರಸ್ತೆ ಎತ್ತಿಕೊಂಡಿತು. ಕಾರು ಪದೇ ಪದೇ ನಿಲ್ಲುತ್ತದೆ, ಹೊರಡುತ್ತದೆ, ಏರು ಹತ್ತುತ್ತದೆ. ಅಲ್ಲಿ ಸ್ವಲ್ಪ ಶಕ್ತಿ ಸೋರಿದರೂ ನಯವಾಗಿ ಹೊರಡುವ ಗುಣಕ್ಕೆ ಬೆಲೆಯಿದೆ. 1920ರ ದಶಕದಲ್ಲಿ ಇಂಗ್ಲೆಂಡಿನ ಹೆರಾಲ್ಡ್ ಸಿಂಕ್ಲೇರ್ ದ್ರವ ಕಪ್ಲಿಂಗನ್ನು ರಸ್ತೆಯ ವಾಹನಗಳಿಗೆ ಒಗ್ಗಿಸಿದರು. 1930ರ ಸುಮಾರಿಗೆ ಡೈಮ್ಲರ್ ಸಂಸ್ಥೆ ಅದನ್ನು ತನ್ನ ಕಾರು, ಬಸ್ಸುಗಳಲ್ಲಿ ಬಳಸತೊಡಗಿತು. ಕಾರ್ಲ್ಸ್‌ರೂಹೆಯ ಎಂಜಿನಿಯರುಗಳು 1928ರಲ್ಲಿ ಸ್ಟೇಟರನ್ನು ಒಂದೇ ದಿಕ್ಕಿಗೆ ತಿರುಗಬಲ್ಲ ಬೇರಿಂಗಿನ ಮೇಲೆ ಕೂರಿಸಿದರು. ಹೊರಡುವಾಗ ಅದು ಕದಲದೆ ನಿಂತು ತಿರುಗುಬಲವನ್ನು ಹೆಚ್ಚಿಸುತ್ತದೆ. ವೇಗ ಕೂಡಿದ ಮೇಲೆ ತಾನೂ ತಿರುಗುತ್ತಾ ದಾರಿ ಬಿಡುತ್ತದೆ. ಇಂದಿನ ಕಾರುಗಳ ಕನ್ವರ್ಟರಿನ ಮಾದರಿ ಇದೇ.

ಜನರಲ್ ಮೋಟಾರ್ಸ್ ಸಂಸ್ಥೆಯ ಹೈಡ್ರಾಮ್ಯಾಟಿಕ್ ಗೇರ್‌ಬಾಕ್ಸ್ 1940ರ ಮಾದರಿಯ ಓಲ್ಡ್ಸ್‌ಮೊಬೈಲ್ ಕಾರುಗಳಲ್ಲಿ ಬಂದಿತು. ಅದರಲ್ಲಿದ್ದದ್ದು ಫೊಟ್ಟಿಂಗರ್ ಅವರ ಕಪ್ಲಿಂಗ್. ಅದೇ ಸಂಸ್ಥೆಯ ಬ್ಯೂಕ್ ಕಾರುಗಳಲ್ಲಿ ಟಾರ್ಕ್ ಕನ್ವರ್ಟರ್ ಬಂದದ್ದು 1948ರಲ್ಲಿ. ಅದನ್ನು ಕಾಣಲು ಫೊಟ್ಟಿಂಗರ್ ಇರಲಿಲ್ಲ. ಬೆಂಗಳೂರಿನಲ್ಲಿ 2000ದ ದಶಕದಿಂದ ಓಡಿದ ಬಿಎಂಟಿಸಿಯ ತಗ್ಗು ನೆಲದ ವೋಲ್ವೊ ಬಸ್ಸುಗಳೂ ಸ್ವಯಂಚಾಲಿತ ಗೇರಿನವೇ.

ಮರಣ

ಎರಡನೆಯ ಮಹಾಯುದ್ಧದ ಕೊನೆಯಲ್ಲಿ, ಬರ್ಲಿನ್ ಕದನ ನಡೆಯುತ್ತಿದ್ದಾಗಲೇ, 1945ರ ಏಪ್ರಿಲ್ 28ರಂದು ಫೊಟ್ಟಿಂಗರ್ ಅದೇ ನಗರದಲ್ಲಿ ನಿಧನರಾದರು. ಆಗ ಅವರಿಗೆ 68 ವರ್ಷ. ನಾಲ್ಕು ದಿನಗಳ ಬಳಿಕ ನಗರ ಶರಣಾಯಿತು. ಬರ್ಲಿನ್ ತಾಂತ್ರಿಕ ವಿಶ್ವವಿದ್ಯಾಲಯದ ದ್ರವಚಲನ ಸಂಸ್ಥೆಗೆ ಮುಂದೆ ಇವರ ಹೆಸರನ್ನಿಡಲಾಯಿತು.

ಗೇರ್‌ಬಾಕ್ಸಿನ ಸದ್ದು ಮತ್ತು ಫೊಟ್ಟಿಂಗರ್ ತತ್ವ

ಸ್ವಯಂಚಾಲಿತ ಗೇರ್‌ಬಾಕ್ಸಿನಿಂದ ಅಪರಿಚಿತ ಸದ್ದು ಬಂದಾಗ ಬಿಚ್ಚುವ ಮೊದಲೇ ಕಾರಣವನ್ನು ಊಹಿಸಲು ಮೆಕ್ಯಾನಿಕ್ಕುಗಳು ಅನುಸರಿಸುವ ಕ್ರಮಕ್ಕೆ ಫೊಟ್ಟಿಂಗರ್ ಯಂತ್ರದ ರಚನೆಯೇ ಆಧಾರ. ಸದ್ದು ಯಾವ ಸ್ಥಿತಿಯಲ್ಲಿ ಹುಟ್ಟಿ ಯಾವ ಸ್ಥಿತಿಯಲ್ಲಿ ಅಡಗುತ್ತದೆ ಎಂಬುದು ಸದ್ದಿನ ಬಗೆಗಿಂತ ಹೆಚ್ಚು ಉಪಯುಕ್ತವಾದ ಸುಳಿವು.

ಬ್ರೇಕ್ ಒತ್ತಿ ಕಾರನ್ನು ಡ್ರೈವ್ ಸ್ಥಾನದಲ್ಲಿ ನಿಲ್ಲಿಸಿದಾಗ ಪಂಪಿನ ಚಕ್ರ ಎಂಜಿನ್ನಿನೊಡನೆ ತಿರುಗುತ್ತಿರುತ್ತದೆ, ಟರ್ಬೈನಿನ ಚಕ್ರ ನಿಂತಿರುತ್ತದೆ. ಎರಡರ ನಡುವಿನ ವೇಗದ ಅಂತರ ಆಗ ಗರಿಷ್ಠ. ನ್ಯೂಟ್ರಲ್‌ಗೆ ಹಾಕಿದರೆ ಎರಡೂ ಹೆಚ್ಚುಕಡಿಮೆ ಒಟ್ಟಿಗೆ ಸುತ್ತುತ್ತವೆ. ಆದುದರಿಂದ ಡ್ರೈವ್‌ನಲ್ಲಿ ಕೇಳುವ ಕೊರಕಲು ಸದ್ದು ನ್ಯೂಟ್ರಲ್‌ನಲ್ಲಿ ಮಾಯವಾದರೆ ಕನ್ವರ್ಟರಿನ ಒಳಗಿನ ಬೇರಿಂಗುಗಳ ಮೇಲೆ ಅನುಮಾನ ಪಡಬೇಕಾಗುತ್ತದೆ.

ಪಾರ್ಕ್, ನ್ಯೂಟ್ರಲ್, ಡ್ರೈವ್ ಎಲ್ಲದರಲ್ಲೂ ಕೇಳುತ್ತ, ಎಂಜಿನ್ ವೇಗದೊಡನೆ ಏರುವ ಕೊಯ್ಯೆನ್ನುವ ಸದ್ದು ಸಾಮಾನ್ಯವಾಗಿ ಎಣ್ಣೆಯ ಪಂಪಿನದು. ಎಣ್ಣೆ ಕಡಿಮೆಯಾಗಿದ್ದರೆ ಅಥವಾ ಫಿಲ್ಟರ್ ಕಟ್ಟಿಕೊಂಡಿದ್ದರೆ ಪಂಪು ಗಾಳಿಯನ್ನು ಹೀರುತ್ತದೆ ಇಲ್ಲವೇ ಅದರಲ್ಲಿ ಕ್ಯಾವಿಟೇಶನ್ ಉಂಟಾಗುತ್ತದೆ. ಹಾಗಾಗಿ ಎಣ್ಣೆಯ ಮಟ್ಟ, ಬಣ್ಣ, ವಾಸನೆಗಳನ್ನು ನೋಡುವುದು ಮೊದಲ ಕೆಲಸ; ಸುಟ್ಟ ವಾಸನೆಯ ಕಂದು ಎಣ್ಣೆ ಕ್ಲಚ್ ಪಟ್ಟಿಗಳು ಸವೆದಿರುವುದನ್ನು ಸೂಚಿಸುತ್ತದೆ. ಈ ಒಂದು ಪರೀಕ್ಷೆಯನ್ನು ಬಿಟ್ಟು ನೇರವಾಗಿ ಗೇರ್‌ಬಾಕ್ಸ್ ಬಿಚ್ಚಿಸಿದರೆ ಮಾಲೀಕರಿಗೆ ದುಬಾರಿಯಾಗಬಹುದು.

ಒಂದೆರಡು ಗೇರುಗಳಲ್ಲಿ ಮಾತ್ರ ಕೇಳಿ, ನೇರ ಅನುಪಾತದ ಗೇರಿನಲ್ಲಿ ಅಡಗುವ ಗುಂಯ್‌ಗುಡುವಿಕೆ ಗೇರ್‌ಬಾಕ್ಸಿನ ಗ್ರಹಚಕ್ರಗಳದ್ದು. ನೇರ ಗೇರಿನಲ್ಲಿ ಅವೆಲ್ಲ ಒಂದೇ ತುಂಡಿನಂತೆ ತಿರುಗುವುದರಿಂದ ಹಲ್ಲಿಗೆ ಹಲ್ಲು ಉಜ್ಜುವುದಿಲ್ಲ. ಎಂಜಿನ್ ವೇಗಕ್ಕೆ ತಕ್ಕಂತೆ ಟಕಟಕ ಎನ್ನುವ ಬಡಿತಕ್ಕೆ ಕನ್ವರ್ಟರನ್ನು ಎಂಜಿನ್ನಿಗೆ ಜೋಡಿಸುವ ತೆಳು ತಟ್ಟೆಯ ಬಿರುಕು ಅಥವಾ ಸಡಿಲ ಬೋಲ್ಟುಗಳು ಕಾರಣವಾಗಿರಬಹುದು. ಮಧ್ಯಮ ವೇಗದಲ್ಲಿ ಸಮನಾಗಿ ಸಾಗುವಾಗ ಉಬ್ಬುಪಟ್ಟಿಗಳ ಮೇಲೆ ಹೋದಂತೆ ಕಾರು ಅದುರಿದರೆ ಕನ್ವರ್ಟರಿನೊಳಗಿನ ಲಾಕಪ್ ಕ್ಲಚ್ಚನ್ನು ಪರೀಕ್ಷಿಸಬೇಕು. ದ್ರವದಲ್ಲಿ ಸೋರುವ ಶಕ್ತಿಯನ್ನು ಉಳಿಸಲು ಎರಡೂ ಚಕ್ರಗಳನ್ನು ಯಾಂತ್ರಿಕವಾಗಿ ಬಂಧಿಸುವ ಭಾಗವಿದು. ಹಡಗುಗಳಿಂದ ಫೊಟ್ಟಿಂಗರ್ ಯಂತ್ರವನ್ನು ಹೊರಹಾಕಿದ ಅದೇ ನಷ್ಟಕ್ಕೆ ಕಾರು ತಯಾರಕರು ಕಂಡುಕೊಂಡ ಉತ್ತರವೂ ಹೌದು.

ಭಾರತದಲ್ಲಿ 2014ರಿಂದೀಚೆಗೆ ಸಣ್ಣ ಕಾರುಗಳಲ್ಲಿ ಜನಪ್ರಿಯವಾದ ಎಎಂಟಿ ಗೇರ್‌ಬಾಕ್ಸಿಗೆ ಈ ಲಕ್ಷಣಗಳು ಅನ್ವಯಿಸುವುದಿಲ್ಲ. ಅದರಲ್ಲಿರುವುದು ಸಾಮಾನ್ಯ ಕ್ಲಚ್ಚು, ಸಾಮಾನ್ಯ ಗೇರುಗಳೇ; ಅವುಗಳನ್ನು ಚಾಲಕನ ಬದಲು ಕಂಪ್ಯೂಟರ್ ನಿಯಂತ್ರಿತ ಸಾಧನಗಳು ಒತ್ತುತ್ತವೆ, ಬದಲಿಸುತ್ತವೆ. ಅದರಲ್ಲಿ ಟಾರ್ಕ್ ಕನ್ವರ್ಟರ್ ಇರುವುದಿಲ್ಲ.