ಡಾ. ಹರಗೋವಿಂದ ಖೊರಾನ: ಮರದ ನೆರಳಿನಿಂದ ಜೀವಕೋಶದ ಒಡಲಿಗೆ

ಅವಿಭಜಿತ ಪಂಜಾಬಿನ ಮುಲ್ತಾನ ಜಿಲ್ಲೆಯ ರಾಯಪುರ ಸುಮಾರು ನೂರು ಜನರ ಪುಟ್ಟ ಹಳ್ಳಿ. ಡಾ. ಹರಗೋವಿಂದ ಖೊರಾನ ಅವರು 1922ರಲ್ಲಿ ಜನಿಸಿದ್ದು ಅಲ್ಲಿಯೇ. ತಂದೆ ಗಣಪತರಾಯರು ಪಟವಾರಿಗಳು. ಭೂಕಂದಾಯದ ಲೆಕ್ಕವಿಡುವ ಈ ಹುದ್ದೆ ನಮ್ಮ ಕೋಸಗಿ ಸೀಮೆಯ ಹಿರಿಯರಿಗೂ ಪರಿಚಿತವೇ. ಆ ಹಳ್ಳಿಯಲ್ಲಿ ಓದುಬರಹ ಬಲ್ಲ ಮನೆ ಬಹುಮಟ್ಟಿಗೆ ಅವರದೊಂದೇ. ಬಡತನವಿದ್ದರೂ ಐವರು ಮಕ್ಕಳ ವಿದ್ಯೆಗೆ ತಂದೆ ಕೊರತೆ ಮಾಡಲಿಲ್ಲ. ಕಿರಿಯ ಮಗ ಹರಗೋವಿಂದರ ಮೊದಲ ಪಾಠಗಳು ಮರದ ನೆರಳಿನಲ್ಲಿ ನಡೆದವು.

ಮುಲ್ತಾನಿನ ಪ್ರೌಢಶಾಲೆ, ಲಾಹೋರಿನ ಪಂಜಾಬ್ ವಿಶ್ವವಿದ್ಯಾಲಯಗಳಲ್ಲಿ ಓದಿ, ಭಾರತ ಸರ್ಕಾರದ ವಿದ್ಯಾರ್ಥಿವೇತನದೊಡನೆ 1945ರಲ್ಲಿ ಇಂಗ್ಲೆಂಡಿಗೆ ತೆರಳಿದರು. 1948ರಲ್ಲಿ ಲಿವರ್‌ಪೂಲಿನಲ್ಲಿ ಡಾಕ್ಟರೇಟ್ ಪಡೆದರು. ಮರುವರ್ಷ ಸ್ವದೇಶಕ್ಕೆ ಮರಳಿದಾಗ ತಕ್ಕ ಉದ್ಯೋಗ ದೊರೆಯಲಿಲ್ಲ. ಮತ್ತೆ ಕೇಂಬ್ರಿಡ್ಜ್, ಆ ಬಳಿಕ ಕೆನಡಾ, 1960ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ಅವರ ಕರ್ಮಭೂಮಿಯಾದವು.

ಜೀವಕೋಶದಲ್ಲಿ ಪ್ರೋಟೀನು ಸಿದ್ಧವಾಗುವಾಗ ಒಂದೊಂದು ಅಮೈನೋ ಆಮ್ಲವನ್ನೂ ಹೊತ್ತು ತಂದು ಸರಿಯಾದ ಸ್ಥಾನದಲ್ಲಿರಿಸುವುದು ಟಿ-ಆರ್‌ಎನ್‌ಎ ಎಂಬ ಪುಟ್ಟ ಅಣು. ಮೂರು ಮೂರು ಅಕ್ಷರಗಳ ಸಂಕೇತವನ್ನು ಓದಿ ಅರ್ಥಮಾಡಿಕೊಳ್ಳುವುದೂ ಅದೇ. ಈ ಸಂಕೇತಭಾಷೆಯನ್ನು ಬಿಡಿಸಿದ ಸಾಧನೆಗಾಗಿ ಖೊರಾನ ಅವರು ಹಾಲಿ ಮತ್ತು ನಿರೆನ್‌ಬರ್ಗ್ ಅವರೊಡನೆ 1968ರ ನೊಬೆಲ್ ಪುರಸ್ಕಾರವನ್ನು ಹಂಚಿಕೊಂಡರು. 1969ರಲ್ಲಿ ಭಾರತ ಪದ್ಮವಿಭೂಷಣ ನೀಡಿತು.

ಪ್ರಶಸ್ತಿಯ ನಂತರವೂ ಅವರು ವಿಶ್ರಮಿಸಲಿಲ್ಲ. ಯೀಸ್ಟಿನ ಒಂದು ಟಿ-ಆರ್‌ಎನ್‌ಎಯ ವಂಶವಾಹಿಯನ್ನು 1970ರಲ್ಲಿ ಪ್ರಯೋಗಾಲಯದಲ್ಲಿಯೇ ಜೋಡಿಸಿದರು. ಅದರ 77 ಅಕ್ಷರಜೋಡಿಗಳೂ ಸರಿಯಾಗಿದ್ದವು. ಆದರೆ ವಂಶವಾಹಿಯಿಂದ ಆರ್‌ಎನ್‌ಎ ಪ್ರತಿಯನ್ನು ತೆಗೆಯುವ ಪಾಲಿಮರೇಸ್ ಎಂಬ ಕಿಣ್ವಕ್ಕೆ ಎಲ್ಲಿ ತೊಡಗಬೇಕು, ಎಲ್ಲಿ ನಿಲ್ಲಬೇಕು ಎಂಬ ಸೂಚನೆಗಳು ಬೇಕು. ಅವು ಆ ವಂಶವಾಹಿಯಲ್ಲಿ ಪೂರ್ಣವಾಗಿ ಇರಲಿಲ್ಲ. ಮಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ ಸಹೋದ್ಯೋಗಿಗಳೊಡನೆ ಮತ್ತೆ ಆರು ವರ್ಷ ದುಡಿದು, ಇ. ಕೋಲಿ ಬ್ಯಾಕ್ಟೀರಿಯದ ಟಿ-ಆರ್‌ಎನ್‌ಎ ವಂಶವಾಹಿಯನ್ನು ಆರಂಭಸೂಚನೆಯೊಡನೆ ನಿರ್ಮಿಸಿದರು. 207 ಅಕ್ಷರಜೋಡಿಗಳ ಆ ವಂಶವಾಹಿ 1976ರಲ್ಲಿ ಜೀವಂತ ಕೋಶದೊಳಗೆ ಕೆಲಸ ಮಾಡಿತು. ಮಾನವನಿರ್ಮಿತ ವಂಶವಾಹಿಯೊಂದು ಜೀವಿಯಲ್ಲಿ ಕಾರ್ಯನಿರ್ವಹಿಸಿದ್ದು ಅದೇ ಮೊದಲು.

ರೇಷ್ಮೆಹುಳು, ಮನುಷ್ಯ ಮೊದಲಾದ ಜೀವಿಗಳಲ್ಲಿ ಇದೇ ಆರಂಭಸೂಚನೆಯ ಮುಖ್ಯಭಾಗ ಟಿ-ಆರ್‌ಎನ್‌ಎ ವಂಶವಾಹಿಯ ಒಳಗೇ ಅಡಗಿದೆಯೆಂದು ಮುಂದೆ ತಿಳಿದುಬಂತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೂ ರೇಷ್ಮೆಹುಳುವಿನ ಈ ವಂಶವಾಹಿಗಳನ್ನು ಕುರಿತು ಸಂಶೋಧನೆ ನಡೆದಿದೆ.

ಖೊರಾನ ಅವರು 2011ರ ನವೆಂಬರ್ 9ರಂದು ಅಮೆರಿಕದಲ್ಲಿ ನಿಧನರಾದರು. ಕೀರ್ತಿಶಿಖರದಲ್ಲಿದ್ದಾಗಲೂ ಮುಲ್ತಾನಿನ ಶಾಲೆಯ ಗುರು ರತನಲಾಲರ ಪ್ರಭಾವವನ್ನು ಅವರು ಕೃತಜ್ಞತೆಯಿಂದ ಸ್ಮರಿಸಿದ್ದರು. ಅಕ್ಷರಗಳೆಲ್ಲ ಸರಿಯಿದ್ದರೂ ತೊಡಗುವ ಸೂಚನೆಯಿಲ್ಲದೆ ವಂಶವಾಹಿ ಮೌನವಾಗಿರುತ್ತದೆ. ಮಕ್ಕಳ ಪ್ರತಿಭೆಯೂ ಹಾಗೆಯೇ. ಆ ಸೂಚನೆಯನ್ನು ನೀಡುವ ಹೊಣೆ ಮನೆಯದು, ಶಾಲೆಯದು. ಗಡಿನಾಡಿನ ಕನ್ನಡ ಶಾಲೆಗಳು ಉಳಿದು ಬೆಳೆಯಬೇಕಾದುದು ಈ ಕಾರಣಕ್ಕಾಗಿ.