ರಜೆಗೆಂದು ಬಂದು ಬೆಂಗಳೂರಿನಲ್ಲಿ ಉಳಿದ ಎಲೆಕ್ಟ್ರಾನ್ ವಿಜ್ಞಾನಿ ಹೋಮಿ ಭಾಭಾ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ... ಊರು ಯಾವುದೇ ಇರಲಿ, ಪದವಿಪೂರ್ವ ತರಗತಿಯಲ್ಲಿ ವಿಜ್ಞಾನ ಆಯ್ದುಕೊಂಡ ವಿದ್ಯಾರ್ಥಿಗಳಿಗೆ ರಸಾಯನಶಾಸ್ತ್ರದ ಆರಂಭದಲ್ಲೇ ಎದುರಾಗುವುದು ಪರಮಾಣು ರಚನೆಯ ಪಾಠ. ನಡುವೆ ಧನ ವಿದ್ಯುದಂಶದ ಬೀಜಕೇಂದ್ರ, ಅದರ ಸುತ್ತ ಗೊತ್ತಾದ ಶಕ್ತಿಮಟ್ಟಗಳಲ್ಲಿ ಎಲೆಕ್ಟ್ರಾನುಗಳು. ಥಾಮ್ಸನ್, ರುದರ್‌ಫೋರ್ಡ್, ಬೋರ್ ಅವರ ಹೆಸರುಗಳು ಮಕ್ಕಳಿಗೆ ಬಾಯಿಪಾಠ. ಇದೇ ಎಲೆಕ್ಟ್ರಾನಿನ ಒಂದು ವರ್ತನೆಯನ್ನು ವಿಶ್ವದ ಭೌತವಿಜ್ಞಾನಿಗಳು ಇಂದಿಗೂ ಭಾರತೀಯರೊಬ್ಬರ ಹೆಸರಿನಿಂದ ಗುರುತಿಸುತ್ತಾರೆ. ಅವರೇ ಹೋಮಿ ಜಹಾಂಗೀರ್ ಭಾಭಾ. ಅವರ ಬದುಕು ತಿರುವು ಪಡೆದದ್ದು ಬೆಂಗಳೂರಿನಲ್ಲಿ ಎಂಬುದು ಕನ್ನಡಿಗರ ಪಾಲಿಗೆ ವಿಶೇಷ.

ಮೈಸೂರಿನ ನಂಟು

ಭಾಭಾ ಜನಿಸಿದ್ದು 1909ರ ಅಕ್ಟೋಬರ್ 30ರಂದು, ಮುಂಬೈನ ಸಿರಿವಂತ ಪಾರ್ಸಿ ಮನೆತನದಲ್ಲಿ. ಅಜ್ಜ ಹೊರ್ಮಸ್‌ಜಿ ಭಾಭಾ ಮೈಸೂರು ಸಂಸ್ಥಾನದ ವಿದ್ಯಾ ಇಲಾಖೆಯ ಇನ್‌ಸ್ಪೆಕ್ಟರ್ ಜನರಲ್ ಆಗಿದ್ದವರು. ತಂದೆ ಜಹಾಂಗೀರ್ ಬೆಳೆದದ್ದು ಬೆಂಗಳೂರಿನಲ್ಲಿ. ಸೋದರತ್ತೆ ಮೆಹರ್‌ಬಾಯಿ, ಸರ್ ದೊರಾಬ್ ಟಾಟಾ ಅವರ ಪತ್ನಿ.

ಮಗ ಎಂಜಿನಿಯರ್ ಆಗಿ ಜಮ್‌ಶೆಡ್‌ಪುರದ ಟಾಟಾ ಉಕ್ಕು ಕಾರ್ಖಾನೆ ಸೇರಲಿ ಎಂಬುದು ಮನೆಯವರ ಆಸೆ. ಆ ಉದ್ದೇಶದಿಂದಲೇ 1927ರಲ್ಲಿ ಅವರನ್ನು ಕೇಂಬ್ರಿಜ್‌ಗೆ ಕಳುಹಿಸಲಾಯಿತು. ಆದರೆ ಹುಡುಗನ ಮನಸ್ಸು ಭೌತಶಾಸ್ತ್ರದತ್ತ ವಾಲಿತ್ತು. ಅದನ್ನು ಅವರು ತಂದೆಗೆ ಬರೆದು ತಿಳಿಸಿದರು. ಎಂಜಿನಿಯರಿಂಗ್‌ನಲ್ಲಿ ಪ್ರಥಮ ದರ್ಜೆ ಬಂದರೆ ಗಣಿತ ಓದಲು ಅಡ್ಡಿಯಿಲ್ಲ ಎಂದು ತಂದೆ ಷರತ್ತು ಹಾಕಿದರು. 1930ರಲ್ಲಿ ಭಾಭಾ ಪ್ರಥಮ ದರ್ಜೆ ಪಡೆದರು, ತಂದೆ ಮಾತು ಉಳಿಸಿಕೊಂಡರು.

ಎಲೆಕ್ಟ್ರಾನಿನ ಬೆನ್ನು ಹತ್ತಿ

ಅಂದಿನ ಕೇಂಬ್ರಿಜ್ ಪರಮಾಣು ವಿಜ್ಞಾನದ ತವರು. 1897ರಲ್ಲಿ ಥಾಮ್ಸನ್ ಎಲೆಕ್ಟ್ರಾನನ್ನು ಗುರುತಿಸಿದ ಕ್ಯಾವೆಂಡಿಷ್ ಪ್ರಯೋಗಾಲಯಕ್ಕೆ ಆಗ ರುದರ್‌ಫೋರ್ಡ್ ಮುಖ್ಯಸ್ಥರು. ಅಲ್ಲಿಯೇ ಚಾಡ್ವಿಕ್ 1932ರಲ್ಲಿ ನ್ಯೂಟ್ರಾನನ್ನು ಕಂಡುಹಿಡಿದರು. ಎಲೆಕ್ಟ್ರಾನಿನಷ್ಟೇ ತೂಕದ, ಆದರೆ ಧನ ವಿದ್ಯುದಂಶವುಳ್ಳ ಪಾಸಿಟ್ರಾನ್ ಅದೇ ವರ್ಷ ಅಮೆರಿಕದಲ್ಲಿ ಪತ್ತೆಯಾಯಿತು.

ಎಲೆಕ್ಟ್ರಾನ್ ಮತ್ತು ಪಾಸಿಟ್ರಾನ್ ಪರಸ್ಪರ ಎದುರಾದಾಗ ಯಾವ ಕೋನದಲ್ಲಿ ಎಷ್ಟರ ಮಟ್ಟಿಗೆ ಚದುರುತ್ತವೆ ಎಂಬುದನ್ನು ಭಾಭಾ ಲೆಕ್ಕ ಹಾಕಿದರು. 1936ರಲ್ಲಿ ಪ್ರಕಟವಾದ ಈ ಲೆಕ್ಕಾಚಾರವೇ ಇಂದು ಭಾಭಾ ಚದುರಿಕೆ ಎಂದು ಪ್ರಸಿದ್ಧವಾಗಿದೆ. ಈ ಎರಡು ಕಣಗಳನ್ನು ಡಿಕ್ಕಿ ಹೊಡೆಸುವ ಬೃಹತ್ ಯಂತ್ರಗಳಲ್ಲಿ ಡಿಕ್ಕಿಗಳ ಪ್ರಮಾಣವನ್ನು ಅಳೆಯಲು ಅದೇ ಆಧಾರ.

ಮರುವರ್ಷ ಹೈಟ್ಲರ್ ಅವರೊಡಗೂಡಿ ಭಾಭಾ ಇನ್ನೊಂದು ಒಗಟು ಬಿಡಿಸಿದರು. ಪಠ್ಯದಲ್ಲಿ ಓದುವ ಜಲಜನಕದ ಎಲೆಕ್ಟ್ರಾನನ್ನು ಪರಮಾಣುವಿನಿಂದ ಬಿಡಿಸಲು 13.6 ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಸಾಕು. ಬಾಹ್ಯಾಕಾಶದಿಂದ ಎರಗುವ ವಿಶ್ವಕಿರಣಗಳ ಶಕ್ತಿಯಾದರೋ ನೂರಾರು ಕೋಟಿ ಎಲೆಕ್ಟ್ರಾನ್ ವೋಲ್ಟ್. ಅಂತಹ ವೇಗದ ಎಲೆಕ್ಟ್ರಾನ್ ವಾತಾವರಣದ ಪರಮಾಣುವೊಂದರ ಬೀಜಕೇಂದ್ರದ ಬಳಿ ಹಾಯುವಾಗ ಗ್ಯಾಮಾ ಕಿರಣ ಹೊಮ್ಮಿಸುತ್ತದೆ. ಆ ಕಿರಣ ಇನ್ನೊಂದು ಬೀಜಕೇಂದ್ರದ ಸಮೀಪ ಎಲೆಕ್ಟ್ರಾನ್, ಪಾಸಿಟ್ರಾನ್ ಜೋಡಿಯಾಗಿ ಮಾರ್ಪಡುತ್ತದೆ. ಜೋಡಿಯ ಎರಡೂ ಕಣಗಳು ಮತ್ತೆ ಕಿರಣ ಹೊಮ್ಮಿಸುತ್ತವೆ. ಹೀಗೆ ಒಂದು ಹಲವಾಗಿ, ಶಕ್ತಿ ಹಂಚಿಹೋಗುವ ತನಕ ಕಣಗಳ ಮಳೆಯೇ ಸುರಿಯುತ್ತದೆ. ಅಷ್ಟುಹೊತ್ತಿಗಾಗಲೇ ಪ್ರಯೋಗಗಳಲ್ಲಿ ಕಂಡಿದ್ದ ಈ ಮಳೆಗೆ ಗಣಿತದ ವಿವರಣೆ ದೊರೆತದ್ದು ಹೀಗೆ.

ಯುದ್ಧ ತಡೆದ ಹಾದಿ

1939ರಲ್ಲಿ ರಜೆಗೆಂದು ತಾಯ್ನಾಡಿಗೆ ಬಂದಿದ್ದಾಗಲೇ ಎರಡನೇ ಮಹಾಯುದ್ಧ ಆರಂಭವಾಯಿತು. ಕೇಂಬ್ರಿಜ್‌ಗೆ ಮರಳುವ ದಾರಿ ಮುಚ್ಚಿತು. ಭಾಭಾ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೀಡರ್ ಹುದ್ದೆ ಒಪ್ಪಿಕೊಂಡರು. ಭೌತಶಾಸ್ತ್ರ ವಿಭಾಗಕ್ಕೆ ಆಗ ಸರ್ ಸಿ.ವಿ. ರಾಮನ್ ಮುಖ್ಯಸ್ಥರು. ದೊರಾಬ್ ಟಾಟಾ ಟ್ರಸ್ಟ್ ನೆರವಿನಿಂದ ವಿಶ್ವಕಿರಣ ಸಂಶೋಧನಾ ಘಟಕ ತಲೆಯೆತ್ತಿತು.

ವಿಶ್ವಕಿರಣಗಳ ಅಧ್ಯಯನಕ್ಕೆ ಬೆಂಗಳೂರು ಅನುಕೂಲಕರ ತಾಣ. ನಗರವು ಭೂಮಿಯ ಕಾಂತೀಯ ಸಮಭಾಜಕ ವೃತ್ತಕ್ಕೆ ಸಮೀಪದಲ್ಲಿರುವುದರಿಂದ ಕಡಿಮೆ ಶಕ್ತಿಯ ಕಣಗಳು ಮೇಲೆಯೇ ತಿರುಗಿಹೋಗಿ, ಅಧಿಕ ಶಕ್ತಿಯವು ಮಾತ್ರ ವಾತಾವರಣ ಹೊಗುತ್ತವೆ. ನೊಬೆಲ್ ಪುರಸ್ಕೃತ ಮಿಲಿಕನ್ ಕೂಡ ಇಲ್ಲಿಂದ ಬಲೂನು ಹಾರಿಸಿದ್ದುಂಟು. ಅದುವರೆಗೆ ಲೇಖನಿ, ಕಾಗದದಲ್ಲೇ ಕೆಲಸ ಮಾಡಿದ್ದ ಭಾಭಾ ಈಗ ಉಪಕರಣಗಳ ನಿರ್ಮಾಣಕ್ಕೂ ಕೈಹಾಕಿದರು. ಕಣಗಳನ್ನು ಎಣಿಸುವ ಯಂತ್ರಗಳನ್ನು ವಿಮಾನದಲ್ಲಿ ಸುಮಾರು 30 ಸಾವಿರ ಅಡಿ ಎತ್ತರಕ್ಕೆ ಒಯ್ದು ಅಳತೆ ಮಾಡಲಾಯಿತು. 1941ರಲ್ಲಿ, 31ರ ಹರೆಯದಲ್ಲೇ ಅವರು ರಾಯಲ್ ಸೊಸೈಟಿಯ ಫೆಲೋ ಆದರು. ಮುಂದೆ ಗಣಿತಜ್ಞರಾಗಿ ವಿಶ್ವಖ್ಯಾತಿ ಪಡೆದ ಹರೀಶ್‌ಚಂದ್ರ ಇಲ್ಲಿ ಅವರೊಂದಿಗೆ ದುಡಿದರು. ವಿಕ್ರಮ್ ಸಾರಾಭಾಯಿ ಅವರೂ ಇದೇ ಸಂಸ್ಥೆಯಲ್ಲಿದ್ದರು.

ಯುದ್ಧ ಮುಗಿದ ಮೇಲೆ ವಿದೇಶಕ್ಕೆ ಮರಳಬೇಕೋ, ಇಲ್ಲಿಯೇ ಉಳಿಯಬೇಕೋ ಎಂಬ ಪ್ರಶ್ನೆ ಭಾಭಾರನ್ನು ಕಾಡಿತು. ವಿದೇಶದಲ್ಲಿ ಸಿದ್ಧ ಪ್ರಯೋಗಾಲಯಗಳಿದ್ದವು, ಸಮಾನ ಆಸಕ್ತಿಯ ವಿದ್ವಾಂಸರಿದ್ದರು. ಇಲ್ಲಿ ಎಲ್ಲವನ್ನೂ ಕಟ್ಟಬೇಕಿತ್ತು. ಅವರು ಕಟ್ಟುವ ಹಾದಿಯನ್ನೇ ಹಿಡಿದರು. 1944ರ ಮಾರ್ಚ್ 12ರಂದು ಟಾಟಾ ಟ್ರಸ್ಟ್‌ಗೆ ಪತ್ರ ಬರೆದು, ಮೂಲಭೂತ ಸಂಶೋಧನೆಗೆ ಮೀಸಲಾದ ಸಂಸ್ಥೆಯೊಂದರ ಪ್ರಸ್ತಾವ ಮುಂದಿಟ್ಟರು. ಪರಮಾಣು ಶಕ್ತಿ ಬಳಕೆಗೆ ಬರುವ ದಿನ ದೇಶವು ತಜ್ಞರಿಗಾಗಿ ಹೊರಗೆ ನೋಡಬಾರದು ಎಂಬುದು ಅದರ ಆಶಯ. ಹಿರೋಷಿಮಾ ಸುಟ್ಟು ಪರಮಾಣು ಶಕ್ತಿ ಜಗಜ್ಜಾಹೀರಾಗಲು ಆಗಿನ್ನೂ ವರ್ಷಕ್ಕೂ ಹೆಚ್ಚು ಕಾಲ ಬಾಕಿಯಿತ್ತು.

ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ 1945ರ ಜೂನ್‌ನಲ್ಲಿ ಬೆಂಗಳೂರಿನಲ್ಲೇ ಕಾರ್ಯಾರಂಭ ಮಾಡಿ, ಅದೇ ವರ್ಷಾಂತ್ಯದಲ್ಲಿ ಮುಂಬೈಗೆ ಸ್ಥಳಾಂತರಗೊಂಡಿತು.

ತೆತ್ತ ಬೆಲೆ

ಆನಂತರದ ಪಯಣ ಶೀಘ್ರಗತಿಯದು. 1948ರಲ್ಲಿ ಪರಮಾಣು ಶಕ್ತಿ ಆಯೋಗದ ಅಧ್ಯಕ್ಷತೆ, 1954ರಲ್ಲಿ ಟ್ರಾಂಬೆ ಕೇಂದ್ರ, 1956ರ ಆಗಸ್ಟ್‌ನಲ್ಲಿ ಅಪ್ಸರಾ ರಿಯಾಕ್ಟರ್. ಚಿತ್ರಕಲೆ, ಪಾಶ್ಚಾತ್ಯ ಸಂಗೀತಗಳಲ್ಲೂ ಆಳವಾದ ಆಸಕ್ತಿಯಿದ್ದ ಅವರು ಅವಿವಾಹಿತರಾಗಿಯೇ ಉಳಿದರು.

ಆದರೆ ಕಡತಗಳು ಹೆಚ್ಚಿದಂತೆ ಸ್ವಂತ ಸಂಶೋಧನೆ ಹಿಂದೆ ಸರಿಯಿತು. ಎಲೆಕ್ಟ್ರಾನಿನ ಬೆನ್ನು ಹತ್ತಿದ್ದ ವಿಜ್ಞಾನಿ ಆಡಳಿತಗಾರರಾದರು. ಟೀಕೆಗಳೂ ಬಂದವು. ಸಂಶೋಧನೆಯ ಹಣ, ಪ್ರತಿಭೆ ಎರಡೂ ಕೆಲವೇ ಪ್ರತ್ಯೇಕ ಸಂಸ್ಥೆಗಳಿಗೆ ಸೇರಿದರೆ ವಿಶ್ವವಿದ್ಯಾಲಯಗಳು ಬಡವಾಗುತ್ತವೆ ಎಂಬ ಆತಂಕವನ್ನು ಮೇಘನಾದ ಸಹಾ ಅವರಂತಹ ಹಿರಿಯ ವಿಜ್ಞಾನಿಗಳು ಅಂದೇ ವ್ಯಕ್ತಪಡಿಸಿದ್ದರು. ಆ ಚರ್ಚೆ ಇಂದಿಗೂ ಮುಗಿದಿಲ್ಲ.

1966ರ ಜನವರಿ 24ರಂದು ವಿಯೆನ್ನಾ ಸಭೆಗೆ ಹೊರಟಿದ್ದ ಭಾಭಾ ಅವರಿದ್ದ ಏರ್ ಇಂಡಿಯಾ ಬೋಯಿಂಗ್ ವಿಮಾನ ಆಲ್ಪ್ಸ್ ಶ್ರೇಣಿಯ ಮೌಂಟ್ ಬ್ಲಾಂಕ್‌ಗೆ ಅಪ್ಪಳಿಸಿತು. ವಿಮಾನದಲ್ಲಿದ್ದ 117 ಮಂದಿಯೂ ಅಸುನೀಗಿದರು. ದೆಹಲಿಯಲ್ಲಿ ಇಂದಿರಾ ಗಾಂಧಿ ಪ್ರಧಾನಿಯಾಗಿ ಪ್ರಮಾಣವಚನ ಸ್ವೀಕರಿಸಿದ್ದು ಅದೇ ದಿನ. ವಿಮಾನವಿದ್ದ ಸ್ಥಾನದ ಬಗ್ಗೆ ಪೈಲಟ್ ಹಾಗೂ ನಿಯಂತ್ರಣ ಕೇಂದ್ರದ ನಡುವೆ ಉಂಟಾದ ತಪ್ಪು ಗ್ರಹಿಕೆಯೇ ಕಾರಣ ಎಂದು ತನಿಖೆ ಹೇಳಿತು. ಭಾಭಾ ಅವರಿಗೆ ಆಗ 56 ವರ್ಷ. ಮರುವರ್ಷ ಟ್ರಾಂಬೆ ಕೇಂದ್ರಕ್ಕೆ ಅವರ ಹೆಸರಿಡಲಾಯಿತು.

ಕಿತ್ತೂರು ನಾಡಿನಿಂದ ಪಶ್ಚಿಮ ಘಟ್ಟದತ್ತ ಹೊರಟರೆ ಕಾಳಿ ನದಿಯ ದಡದಲ್ಲಿ ಕೈಗಾ ಅಣು ವಿದ್ಯುತ್ ಸ್ಥಾವರ ಸಿಗುತ್ತದೆ. ತಲಾ 220 ಮೆಗಾವಾಟ್‌ನ ಅಲ್ಲಿನ ನಾಲ್ಕು ಘಟಕಗಳು ಭಾಭಾ ರೂಪಿಸಿದ ಮೂರು ಹಂತದ ಯೋಜನೆಯ ಮೊದಲ ಹಂತಕ್ಕೆ ಸೇರಿದವು. ಅವರ ಕಲ್ಪನೆ ಘಟ್ಟದ ಅಡವಿಯವರೆಗೂ ತಲುಪಿತು. ಆದರೆ ಬೈಲಹೊಂಗಲದಲ್ಲೋ ರಾಮದುರ್ಗದಲ್ಲೋ ಎಲೆಕ್ಟ್ರಾನಿನ ಪಾಠ ಕಲಿತು, ಅದರಾಚೆಗಿನದನ್ನು ಹುಡುಕಬಯಸುವ ವಿದ್ಯಾರ್ಥಿ ಇಂದಿಗೂ ಬೆಂಗಳೂರು ಅಥವಾ ಮುಂಬೈ ದಾರಿಯನ್ನೇ ಹಿಡಿಯಬೇಕಾಗಿದೆ. ಕೇಂಬ್ರಿಜ್ ಬಿಟ್ಟು ಇಲ್ಲೇ ಉಳಿದ ಭಾಭಾ ಆ ದಾರಿಯನ್ನು ಸಮುದ್ರದಾಚೆಯಿಂದ ದೇಶದೊಳಕ್ಕೆ ತಂದರು. ತಾಲ್ಲೂಕಿನ ಹತ್ತಿರಕ್ಕೆ ಅದನ್ನು ತರುವ ಕೆಲಸ ಇನ್ನೂ ಬಾಕಿಯಿದೆ.